ನಾಲ್ಕು ನಿಮಿಷ

ರೈಲು ಮರಳಿನ ನಡುವೆ ನಿಂತೇಬಿಟ್ಟಿತು. ಹರಿಣಾಕ್ಷಿ ಕೈಗಡಿಯಾರ ನೋಡಿಕೊಂಡಳು. ಹತ್ತು ಮೂವತ್ತೊಂದು. ಎದುರು ಸೀಟಿನ ಲೆಸ್ಲಿಯೂ ತನ್ನ ಗಡಿಯಾರ ನೋಡಿ ಏನನ್ನೋ ಬರೆದುಕೊಂಡ.

ಬೆಳಿಗ್ಗೆ ಮುಸಫ್ಫಾದಲ್ಲಿ ಅವಳು ರೈಲು ಹತ್ತಿದಾಗಿನಿಂದ ಅವನು ಬೆನ್ನು ಬಿಟ್ಟಿರಲಿಲ್ಲ. ಇಬ್ಬರದೂ ಒಂದೇ ಆಫೀಸು. ಅವಳು ಮೂಡುಬಿದಿರೆಯವಳು, ಅವನು ಮಂಗಳೂರಿನ ಕುಲಶೇಖರದವನು. ದಿನಾ ಚಹಾಕ್ಕೆ ಜೊತೆಯಾಗುವವನು ಇವತ್ತು ಹಳದಿ ಜಾಕೆಟ್ ತೊಟ್ಟು, ಅವಳ ಒಂದೊಂದು ಹೆಜ್ಜೆಯನ್ನೂ ಗುರುತು ಹಾಕಿಕೊಳ್ಳುತ್ತಿದ್ದ. ಆಫೀಸೇ ಅವನನ್ನು ಅವಳ ಹಿಂದೆ ಬಿಟ್ಟಿತ್ತು. ಸ್ನೇಹವೆಲ್ಲ ಚಹಾದ ಲೋಟ ಖಾಲಿಯಾಗುವವರೆಗೆ, ಅಷ್ಟೇ.

ಈ ಗಲ್ಫ್ ದೇಶದಲ್ಲಿ ವಿಮಾನ ಸಿಗುವುದು ಸುಲಭ, ವಿಮಾನ ನಿಲ್ದಾಣ ಮುಟ್ಟುವುದೇ ಕಷ್ಟ. ಈ ಲೋಕಲ್ ರೈಲು ಹತ್ತು ಮೂವತ್ತೆಂಟಕ್ಕೆ ಜಂಕ್ಷನ್ ಸೇರಬೇಕು. ಎದುರು ಪ್ಲಾಟ್‌ಫಾರಂನಿಂದ ಹತ್ತು ನಲವತ್ತೆರಡಕ್ಕೆ ಏರ್‌ಪೋರ್ಟ್ ರೈಲು ಹೊರಡುತ್ತದೆ. ಅದು ತಪ್ಪಿದರೆ ಮುಂದಿನದಕ್ಕೆ ಅರ್ಧ ಗಂಟೆ. ಮಂಗಳೂರಿಗೆ ಹೋಗುವವರ ಪೆಟ್ಟಿಗೆ ತೆಗೆದುಕೊಳ್ಳುವ ಕೌಂಟರ್ ಹನ್ನೊಂದು ಹತ್ತಕ್ಕೆ ಮುಚ್ಚುತ್ತದೆ. ಆಮೇಲೆ ಯಾರ ಕಣ್ಣೀರಿಗೂ ಅದು ತೆರೆಯುವುದಿಲ್ಲ.

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ತಮ್ಮ ಕೀರ್ತನನ ಧ್ವನಿ ಒಡೆದು ಬಂತು. “ಅಕ್ಕಾ, ಡಾಕ್ಟ್ರು ಇವತ್ತು ದಾಟುದು ಕಷ್ಟ ಅಂತ ಹೇಳಿದ್ರು. ಅಮ್ಮ ಬಾಗಿಲನ್ನೇ ನೋಡ್ತಿದ್ದಾರೆ. ಹೇಗಾದ್ರೂ ಇವತ್ತಿನ ಫ್ಲೈಟಿಗೆ ಬಾ ಅಕ್ಕಾ.”



“ಲೆಸ್ಲಿ, ಕಂಟ್ರೋಲ್ ರೂಮಿಗೆ ಒಂದು ಫೋನ್ ಮಾಡು ಮಾರಾಯ. ಆ ರೈಲನ್ನು ಸ್ವಲ್ಪ ನಿಲ್ಲಿಸ್ಲಿ.”

“ನಾನು ಬಾಯಿ ಬಿಡ್ಲಿಕ್ಕೆ ಇಲ್ಲ ಹರಿಣಕ್ಕ. ನೋಡುದು, ಬರೆಯುದು. ನಿಮಗೂ ಗೊತ್ತುಂಟಲ್ಲ?”

“ನಿನ್ನ ಅಮ್ಮ ಆಗಿದ್ರೆ?”

ಲೆಸ್ಲಿ ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕಿಟಕಿಯಾಚೆ ನೋಡಿದ.

ಬೋಗಿಯಲ್ಲಿ ಬೇರೆ ಯಾರಿಗೂ ಅವಸರವಿರಲಿಲ್ಲ. ಪ್ಲಾಸ್ಟಿಕ್ ಕೂಡ ಸುಲಿಯದ ಹೊಸ ಸೀಟುಗಳಲ್ಲಿ ಕೂತು, ಪೆಟ್ಟಿಗೆಗಳ ಮೇಲೆ ಕಾಲು ಚಾಚಿ ಹರಟುತ್ತಿದ್ದರು. ಅಳುವ ಮಗುವೊಂದೂ ಇರಲಿಲ್ಲ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿದ್ದ ಮೊಯ್ದೀನ್ ಎಂಬ ನಡುವಯಸ್ಸಿನವರು ನೆಲಗಡಲೆ ಬಾಯಿಗೆ ಹಾಕಿಕೊಳ್ಳುತ್ತಾ, “ಟೆನ್ಶನ್ ಮಾಡ್ಬೇಡಿ ಅಕ್ಕ. ಇವತ್ತು ಆಗದಿದ್ರೆ ನಾಳೆ ಉಂಟಲ್ಲ,” ಎಂದರು. ಅವರ ಕಪಾಳಕ್ಕೆ ಒಂದು ಬಿಗಿಯಬೇಕೆನ್ನಿಸಿತು ಅವಳಿಗೆ. ನಾಳೆಯಂತೆ!

ರೈಲು ಕೊನೆಗೂ ಅಲುಗಾಡಿತು. ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಕಟ್ಟಡಗಳು ದೂರದಲ್ಲಿ ಕಂಡವು. ಜಂಕ್ಷನ್ ತಲುಪಿದಾಗ ಹತ್ತು ನಲವತ್ನಾಲ್ಕು. ಹೊರಟುಹೋಗಿರುತ್ತದೆ ಎಂದುಕೊಂಡೇ ಅವಳು ಬಾಗಿಲಿಗೆ ನುಗ್ಗಿದಳು.

ಎದುರಿಗೆ ಏರ್‌ಪೋರ್ಟ್ ರೈಲು ನಿಂತೇ ಇತ್ತು.

ಅವಳು ಓಡಿದಳು. ಪ್ಲಾಟ್‌ಫಾರಂನ ಮಧ್ಯೆ ಕಾಲು ತೊಡರಿತು. ಪೆಟ್ಟಿಗೆ ಬಿದ್ದು ಬಾಯಿ ಬಿಟ್ಟಿತು. ಖರ್ಜೂರದ ಡಬ್ಬ, ನೋವಿನ ಎಣ್ಣೆ, ಅಮ್ಮನಿಗೆಂದು ಕೊಂಡ ಹತ್ತಿಯ ನೈಟಿ. ನೈಟಿಯ ಬೆಲೆಚೀಟಿ ಹಾಗೇ ಇತ್ತು, ಮಡಿಕೆಗಳು ಹಳದಿಗಟ್ಟಿದ್ದವು. ಲೆಸ್ಲಿ ಕೈಕಟ್ಟಿ ನಿಂತ. ಹಿಂದೆ ಬರುತ್ತಿದ್ದ ಮೊಯ್ದೀನರೇ ಗಾಲಿಕುರ್ಚಿಯಿಂದ ಎದ್ದು ಬಂದು, ಎಲ್ಲವನ್ನೂ ಒಳಗೆ ತುರುಕಿ ಜಿಪ್ ಎಳೆದುಕೊಟ್ಟು, ಮತ್ತೆ ಹೋಗಿ ಕುರ್ಚಿಯಲ್ಲಿ ಕೂತರು. ಹರಿಣಾಕ್ಷಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಅವಳು ಒಳಗೆ ಕಾಲಿಟ್ಟಳು. ಬಾಗಿಲು ಮುಚ್ಚಿತು. ಹತ್ತು ನಲವತ್ತಾರು.

ಮುಂದಿನ ಹದಿನಾಲ್ಕು ನಿಮಿಷ ಅವಳು ಕೂರಲಿಲ್ಲ. ಏರ್‌ಪೋರ್ಟ್ ನಿಲ್ದಾಣದಲ್ಲಿ ಮೇಲೇರುವ ಯಂತ್ರದ ಮೆಟ್ಟಿಲು ಕೆಟ್ಟು ನಿಂತಿತ್ತು. ಇಪ್ಪತ್ತೈದು ಕಿಲೋ ಪೆಟ್ಟಿಗೆಯನ್ನು ಒಂದೊಂದೇ ಮೆಟ್ಟಿಲು ಎತ್ತಿಟ್ಟಳು. ಬರಿಗೈಯಲ್ಲಿದ್ದ ಲೆಸ್ಲಿ ಎರಡು ಮೆಟ್ಟಿಲು ಹಿಂದೆಯೇ ಬಂದ. ಸಹಾಯಕ್ಕೆ ಬೆರಳೂ ಚಾಚಲಿಲ್ಲ. “ಅಮ್ಮಾ, ಬಂದೆ, ಬಂದೆ,” ಎನ್ನುತ್ತಿದ್ದಳು ಅವಳು. ಅಳು ಬಂದರೂ ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಅಂಗಡಿಗಳೆಲ್ಲ ಬಾಗಿಲೆಳೆದಿದ್ದವು. ಉದ್ದನೆಯ ಹಜಾರದ ಕೊನೆಯಲ್ಲಿ ಒಂದೇ ಒಂದು ಕೌಂಟರಿನಲ್ಲಿ ದೀಪವಿತ್ತು.

ಪೆಟ್ಟಿಗೆಯನ್ನು ತೂಕದ ಪಟ್ಟಿಯ ಮೇಲೆ ಎತ್ತಿ ಹಾಕಿ ಅವಳು ಅದರ ಮೇಲೆಯೇ ಕುಸಿದಳು. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ಕೇಳಲಿಲ್ಲ. ಹರಿಣಾಕ್ಷಿಯ ಕೊರಳಲ್ಲಿ ತೂಗುತ್ತಿದ್ದ ಕಾರ್ಡಿಗೆ ಮುದ್ರೆ ಒತ್ತಿದಳು.

ಲೆಸ್ಲಿ ಗಡಿಯಾರ ನಿಲ್ಲಿಸಿದ. “ಹನ್ನೊಂದು ಎಂಟು. ಪಾಸ್ ಹರಿಣಕ್ಕ!” ಅವನು ಅವಳ ಪಕ್ಕ ಮಂಡಿಯೂರಿದ. “ಲೋಕಲ್ ಲೇಟಾದ್ರೆ ಏರ್‌ಪೋರ್ಟ್ ರೈಲು ನಾಲ್ಕು ನಿಮಿಷ ಕಾಯ್ಬೇಕು ಅಂತ ನೀವು ಬರೆದ ರೂಲ್ ಪಾಸ್. ಕಂಟ್ರೋಲ್ ರೂಮಿನವರು ತಾವಾಗಿಯೇ ನಿಲ್ಲಿಸಿದ್ರು. ಇವತ್ತಿನ ಟ್ರಯಲ್‌ನಲ್ಲಿ ತಪ್ಪಿದ್ರೆ ಆ ರೂಲನ್ನೇ ತೆಗೆದು ಹಾಕ್ತಿದ್ರು. ಇನ್ನು ಲೈನ್ ಓಪನ್ ಆದ ಮೇಲೂ ಕಾಯ್ತದೆ, ಖಲಾಸ್, ಮುಗೀತು.”

ಮೊಯ್ದೀನ್ ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಬಂದರು. ಪ್ರಯಾಣಿಕರ ಪಾತ್ರ ವಹಿಸಿದ್ದ ಆಫೀಸಿನವರೆಲ್ಲ ಒಬ್ಬೊಬ್ಬರಾಗಿ ಬಂದು, ತಮ್ಮ ಪೆಟ್ಟಿಗೆಗಳಿಂದ ತೂಕಕ್ಕೆಂದು ಕೊಟ್ಟಿದ್ದ ಮರಳಿನ ಚೀಲಗಳನ್ನು ತೆಗೆದು ಗೋಡೆಗೆ ಪೇರಿಸತೊಡಗಿದರು. “ನಿಮ್ಮ ಚೀಲ?” ಎಂದು ಯಾರೋ ಕೇಳಿದರು. ಹರಿಣಾಕ್ಷಿ ಪೆಟ್ಟಿಗೆ ತೆರೆಯಲಿಲ್ಲ. ಫೋನನ್ನು ಮತ್ತೆ ಕಿವಿಗಿಟ್ಟುಕೊಂಡಳು.

ಕೀರ್ತನನ ಆ ಧ್ವನಿಸಂದೇಶ ಬಂದು ಮೂರು ವರ್ಷವಾಗಿತ್ತು. ಅಂದು ಬಸ್ಸು ಬದಲಿಸಿ, ಟ್ಯಾಕ್ಸಿ ಹಿಡಿದು ಇದೇ ಪೆಟ್ಟಿಗೆಯೊಂದಿಗೆ ಅವಳು ಓಡಿ ಬರುವಷ್ಟರಲ್ಲಿ ಕೌಂಟರ್ ಮುಚ್ಚಿ ನಾಲ್ಕು ನಿಮಿಷವಾಗಿತ್ತು.