ಕೊನೆ ಹೇಳಬಾರದು

ಬೆಳಿಗ್ಗೆ ವರದಿ ಬಂದಿತು. ಮಧ್ಯಾಹ್ನ ವೈದ್ಯರು ಗೆಳೆಯ ವಿರೂಪಾಕ್ಷನ ತಾಯಿಯನ್ನೂ ನನ್ನನ್ನೂ ಮಾತ್ರ ಕರೆದು, ಉಳಿದಿರುವುದು ಕೆಲವೇ ದಿನವೆಂದರು. ಸಂಜೆ, ಅವನಿಗೆ ತಿಳಿಸುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ನಾನು ವಾರ್ಡಿನೊಳಗೆ ಹೋದೆ.

ವಿರೂಪಾಕ್ಷನ ಎದೆಯ ಮೇಲೆ ನಾನು ಓದಲು ಕೊಟ್ಟಿದ್ದ ಪತ್ತೇದಾರಿ ಕಾದಂಬರಿ ಅರ್ಧಕ್ಕೆ ಮಗುಚಿಕೊಂಡಿತ್ತು.

“ಕೊಲೆ ಮಾಡಿದಾಂವ ಯಾರಲೇ? ಹೇಳಿಬಿಡು.”

“ಕಡೀಗೆ ಏನಾಗ್ತದಂತ ಹೇಳಿದವ್ರಿಗೆ ಮುಂದ ಪುಸ್ತಕಾನ ಕೊಡಬಾರ್ದು ಅಂತ ನಿಯಮ ಮಾಡಿದಾಂವ ನೀನ. ಕಾಲೇಜಿನಾಗ ನನ್ನ ಬಾಯಿ ಮುಚ್ಚಿಸಿದ್ದಿ!”

“ಹೌದು. ಈಗ ಹೇಳು.”

“ಇನ್ನ ಅರ್ಧಾ ಐತಿ. ನೀನ ಓದು.”

“ಹೇಳೋ ಮಾರಾಯಾ.”

ಹೇಳಿದೆ. ಅವನು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟ.

“ಅವ್ವ ಕೇಳಿದ್ರ, ಓದಿ ಮುಗಿಸ್ಯಾನ ಅಂತ ಹೇಳು.”

ವರದಿಯಲ್ಲಿದ್ದುದು ಅವನಿಗೆ ತಿಳಿದಿತ್ತು.