ಪಾಕದ ಹಣ್ಣು

ಕಾಡವ್ವ ಮಗಳ ಒಂದು ಜಡೆ ಹೆಣೆದು ಮುಗಿಸಿ ಇನ್ನೊಂದಕ್ಕೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಬೇವಿನ ಮರದ ಕಡೆಯಿಂದ ಯಾರೋ ಕೂಗಿದರು: "ಲಗಮಣ್ಣಾ, ಇದ್ದೀಯೇನಪಾ?"

ಹಣಿಗೆ ಕೈಯಲ್ಲೇ ನಿಂತಿತು. ರಘೋತ್ತಮ ಮಾಸ್ತರರು! ಗಂಡನಿಗೆ ಇಂಗ್ಲಿಷ್ ಕಲಿಸಿದವರು. ಬೈಲಹೊಂಗಲದ ಈ ಕೇರಿಯಿಂದ ಅವನನ್ನು ಮುಂಬಯಿಯ ಕಸ್ಟಮ್ಸ್ ಕಚೇರಿಗೆ ಮುಟ್ಟಿಸಿದ್ದು ಆ ಇಂಗ್ಲಿಷೇ. "ನಮ್ಮ ಮಾಸ್ತರು ಉಳಿದವರಂಗಲ್ಲ" ಎಂದು ಲಗಮಣ್ಣ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದ. ಅವರು ಈ ಮನೆಗೆ ಬಂದದ್ದು ಮಾತ್ರ ಇದೇ ಮೊದಲು. ಇವತ್ತು ತನ್ನ ಕೈಯಿಂದ ಏನಾದರೂ ತಿನ್ನಿಸಿಯೇ ಕಳಿಸಬೇಕು ಎಂದುಕೊಂಡು ಕಾಡವ್ವ ಕಟ್ಟೆಯ ಮೇಲೆ ಕಂಬಳಿ ಹಾಸಿದಳು.

"ಮ್ಯಾಲ ಬರ್ರಿ ಸರ, ಕುಂದರ್ರಿ."

"ಇಲ್ಲೇ ಗಾಳಿ ಛಲೋ ಅದವಾ." ಮಾಸ್ತರರು ಮರದ ಬುಡದ ಕಲ್ಲಿನ ಮೇಲೆ ಕುಳಿತು ಕೋಟಿನ ಕಿಸೆಯಿಂದ ಒಂದು ಕಾಗದ ತೆಗೆದರು. ರಜೆಗೆಂದು ಊರಿಗೆ ಬಂದಿದ್ದ ಲಗಮಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬಂದ.

"ಅಳಿಯ ಲಂಡನ್ನಿನಿಂದ ಒಂದು ಪೆಟ್ಟಿಗಿ ಕಳಿಸ್ಯಾನಪಾ. ನಿಮ್ಮ ಆಫೀಸಿನವರು ತಡದಾರ. ಮ್ಯಾಲ ಒಣಹಣ್ಣು ಅಂತ ಬರದದ, ಒಳಗ ಡಬ್ಬಿಯಾಗಿನ ಪಾಕದ ಹಣ್ಣು ಅದ ಅಂತ ನೋಟೀಸ. ಹಣ್ಣು ಹಣ್ಣೇ ಅಲ್ಲೇನೊ?"

ಲಗಮಣ್ಣ ಕಾಗದ ಓದಿ ನಕ್ಕ. "ಹಂಗಲ್ರಿ ಸರ. ಒಣಗಿಸಿದ್ದಕ್ಕ ಒಂದು ಕಲಮು, ಸಕ್ರಿ ಪಾಕದಾಗ ಕುದಿಸಿ ಡಬ್ಬಿ ತುಂಬಿದ್ದಕ್ಕ ಇನ್ನೊಂದು. ಬದಾಮಿ ಇದ್ದಂಗ ಬಂದ್ರ ಒಂದು, ಹುರದು ಉಪ್ಪು ಹಚ್ಚಿದ್ರ ಮತ್ತೊಂದು. ಹೆಸರು ತಪ್ಪಿತಂದ್ರ ಸುಂಕಾನೂ ತಪ್ಪತೈತಿ. ಅದನ್ನ ವಿಂಗಡಸೂದ ನನ್ನ ಕೆಲಸ."

"ಹಂಗಿದ್ರ ನಿನ್ನ ಕುರ್ಚಿ ಮ್ಯಾಲ ನಮ್ಮವ್ವನ್ನ ಕೂಡಿಸಬೇಕು. ಇದು ಮಡಿ, ಇದು ಮುಸುರಿ ಅಂತ ವಿಂಗಡಸೂದು ಅಕಿಗೆ ನಿನಗಿಂತ ಛಲೋ ಬರ್ತದ!"

ಇಬ್ಬರೂ ನಕ್ಕರು. ಕಾಡವ್ವ ಒಳಗೆ ಹೋಗಿ ಹೊಸ ಸ್ಟೀಲಿನ ಬಟ್ಟಲನ್ನು ಸೆರಗಿನಿಂದ ಎರಡು ಸಲ ಒರೆಸಿದಳು.

"ಆ ಪಾಕದ ಹಣ್ಣು ಅವ್ವನ ಸಲುವಾಗೇ ಬಂದದ್ದು," ಮಾಸ್ತರರು ಹೇಳುತ್ತಿದ್ದರು. "ಹಲ್ಲಿಲ್ಲ, ಏಕಾದಶಿಗೆ ಮೆತ್ತನ್ನ ಫಲಾಹಾರ ಬೇಕು. ಹ್ವಾದ ವರ್ಷ ಬಂದ ಡಬ್ಬಿ ಎರಡು ದಿನಾನೂ ಉಳೀಲಿಲ್ಲ. ನಾನೂ ನಾಕು ತುಂಡು ತಿಂದೆ. ಏನ್ ರುಚಿ ಅಂತಿ!"

"ಅಪ್ಪಾ, ಒಂದ ಕೇಳ್ಲಿ?" ಎಂದಳು ಮಗಳು ಮರೆವ್ವ. ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲು.

"ದೊಡ್ಡವರು ಮಾತಾಡೂಮುಂದ ಬ್ಯಾಡ."

ಲಗಮಣ್ಣ ಮಗಳ ನೋಟುಬುಕ್ಕಿನಿಂದಲೇ ಹಾಳೆ ಕಿತ್ತು ಇಂಗ್ಲಿಷಿನಲ್ಲಿ ಅರ್ಜಿ ಬರೆದ: ಕಳಿಸಿದವರು ತಿಳಿಯದೆ ತಪ್ಪು ಬರೆದಿದ್ದಾರೆ, ಮೋಸವಿಲ್ಲ, ಪಾಕದ ಹಣ್ಣಿನ ಸುಂಕ ಕೊಡಲು ಒಪ್ಪಿಗೆ. ಕೊನೆಗೆ ೧೯೭೫ರ ಮೇ ತಿಂಗಳ ತಾರೀಖು ಹಾಕಿದ. ಮಾಸ್ತರರು ಸಾಲಿನ ಕೆಳಗೆ ಬೆರಳಾಡಿಸಿ ಓದಿ, "ಒಂದ ತಪ್ಪಿಲ್ಲ ನೋಡು. ನನ್ನ ಶಿಷ್ಯ!" ಎಂದರು. ಲಗಮಣ್ಣನ ಮುಖ ಅರಳಿತು.

ಕಾಡವ್ವ ಬಟ್ಟಲು ತಂದು ಮುಂದೆ ಹಿಡಿದಳು. ಮೊನ್ನೆ ಮಾಡಿದ ಗುಳಂಬ: ತುರಿದ ಮಾವಿನಕಾಯಿಯನ್ನು ಬೆಲ್ಲದ ಪಾಕದಲ್ಲಿ ಕುದಿಸಿ, ಯಾಲಕ್ಕಿ ಹಾಕಿದ್ದು. "ಒಂದೀಟು ಬಾಯಾಗ ಹಾಕ್ಕೊರಿ ಸರ."

"ಇವತ್ತ ಏಕಾದಶಿವಾ. ಉಪಾಸ."

"ಇದರಾಗ ಅಕ್ಕಿ ಇಲ್ಲ, ಜ್ವಾಳ ಇಲ್ರಿ ಸರ," ಎಂದ ಲಗಮಣ್ಣ. "ಮಾವಿನಕಾಯಿ, ಬೆಲ್ಲ. ಫಲಾಹಾರಕ್ಕ ನಡೀತೈತ್ರಿ." ನಗುತ್ತಲೇ ಹೇಳಿದ. ಆದರೆ ಧ್ವನಿ ಶಾಲೆಯ ಹುಡುಗನದಾಗಿತ್ತು.

ಮಾಸ್ತರರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. "ಒಣಾದ್ದಿದ್ರ ಬ್ಯಾರೆ ಮಾತು. ಇದಕ್ಕ ನೀರು ಬಿದ್ದದ, ಬೆಂಕಿ ಮುಟ್ಟ್ಯದ. ನಿಮ್ಮ ಮನಿಯಂತ ಅಲ್ಲಪಾ, ಹೊರಗ ಕುದಿಸಿದ್ದು ನಾ ಜನ್ಮದಾಗ ಬಾಯಾಗ ಇಟ್ಟವನಲ್ಲ. ಮನಸಿಗೆ ಹಚ್ಕೋಬ್ಯಾಡ. ಬದಾಮಿ ತಂದೀಯಂತಲ್ಲ ಮುಂಬಯಿಲಿಂದ, ಅದರಾಗಿಂದ ನಾಕು ಕೊಡು, ಅವ್ವಗ ಅರದು ಕೊಡ್ತೇನಿ."

ಲಗಮಣ್ಣ ಒಳಗೆ ಹೋಗಿ ಒಂದು ಮುಷ್ಟಿ ಬದಾಮಿ ತಂದ. ಮಾಸ್ತರರು ಕರವಸ್ತ್ರ ಹಾಸಿದರು. ಲಗಮಣ್ಣನ ಕೈ ಕರವಸ್ತ್ರಕ್ಕಿಂತ ಗೇಣು ಮೇಲೆ ನಿಂತಿತು. ಬದಾಮಿ ಅಲ್ಲಿಂದಲೇ ಉದುರಿದವು. ಎಷ್ಟು ಎತ್ತರದಿಂದ ಬಿಡಬೇಕು ಎಂದು ಅವನಿಗೆ ಯಾರೂ ಹೇಳಲಿಲ್ಲ. ಅವನು ಹೆಂಡತಿಯ ಕಡೆ ನೋಡಲೂ ಇಲ್ಲ.

ಮಾಸ್ತರರು ಗಂಟು ಕಟ್ಟಿಕೊಂಡು ಎದ್ದರು. ಮರೆವ್ವ ಅವರ ಎದುರಿಗೇ ಬಂದು ನಿಂತಳು. ಸುಮ್ಮನಿರು ಎಂದು ಲಗಮಣ್ಣ ಕಣ್ಣಲ್ಲೇ ಗದರಿಸಿದ. ಕಾಡವ್ವ ಮಗಳನ್ನು ಹಿಂದಕ್ಕೆ ಎಳೆಯಲು ಕೈ ಚಾಚಿದವಳು ಯಾಕೋ ಹಾಗೆಯೇ ಕೈ ಇಳಿಸಿಬಿಟ್ಟಳು.

"ಅಜ್ಜಾರ, ಆ ಡಬ್ಬಿ ಹಣ್ಣು ಕುದಿಸಿದವರು ಯಾವ ಮಂದಿರಿ?"