ಬೇಲಿ ಪಕ್ಕದ ಖಾಲಿ ಜಾಗ

"ಈ ಚೀಟಿ ಯಾರದ್ದು?"

"ನಂದೇ," ಎಂದ ಲಾಯದ ಯಜಮಾನ.

ಮೂಗುಸಾಹೇಬರಿಗೆ ಪಿಚ್ಚೆನಿಸಿತು. ಅವರು ರೇಸ್ ಕ್ಲಬ್ಬಿನ ತನಿಖಾಧಿಕಾರಿ. ಎಲ್ಲಿ ಮೋಸ ನಡೆದರೂ ವಾಸನೆ ಹಿಡಿಯುತ್ತಾರೆಂದೇ ಆ ಅಡ್ಡಹೆಸರು ಬಂದದ್ದು. ಕಳ್ಳನೆಂದ ಮೇಲೆ ಸ್ವಲ್ಪವಾದರೂ ಸತಾಯಿಸಬೇಡವೆ? ಇವನೋ, ಬಾಜಿ ಕೌಂಟರಿನಲ್ಲಿ ತನ್ನದೇ ಹೆಸರು ಬರೆಸಿ, ಕ್ಯಾಮೆರಾದ ಕೆಳಗೇ ನಿಂತು, ತಾನೇ ಸಾಕಿ ಪಳಗಿಸಿದ ಕೆಂಚಿ ಎಂಬ ಕುದುರೆ ನಾಳೆಯ ಓಟದಲ್ಲಿ ಸೋಲುತ್ತದೆಂದು ದುಡ್ಡು ಕಟ್ಟಿ ಬಂದಿದ್ದ. ಅದೂ ಜುಜುಬಿ ದುಡ್ಡು.

"ಇಷ್ಟು ಪುಡಿಗಾಸಿಗೆ ಯಾರಾದ್ರೂ ತಮ್ಮ ಹೊಟ್ಟೆ ಮೇಲೆ ತಾವೇ ಹೊಡ್ಕೋತಾರೇನ್ರೀ? ಇದು ನನ್ನ ಕಣ್ಣಿಗೆ ಮಣ್ಣೆರಚೋಕೆ. ದೊಡ್ಡ ಗಂಟು ಯಾರ ಹೆಸರಲ್ಲಿದೆ ಹೇಳಿ."

ಯಜಮಾನನ ನೋಟ ಕಿಟಕಿಯಾಚೆ ಇತ್ತು. ಅಲ್ಲಿ ಅವನ ಮಗಳು ಕೆಂಚಿಯ ಮೈ ಉಜ್ಜುತ್ತಿದ್ದಳು. ಕೆಂಚಿಯ ಜಾಕಿ ಅವಳೇ.

ಸಾಹೇಬರ ಮೂಗು ಚುರುಕಾಯಿತು. ಓಹೋ, ಮಗಳೂ ಶಾಮೀಲು! ಕಳೆದ ಓಟದ ವಿಡಿಯೊ ನೆನಪಾಯಿತು. ಕೊನೆಯ ತಿರುವಿನಲ್ಲಿ ಎಡಗಡೆಯ ಬೇಲಿ ಪಕ್ಕ ಲಾರಿ ನುಗ್ಗುವಷ್ಟು ಜಾಗ ಬಿಟ್ಟಿದ್ದಳು ಪುಣ್ಯಾತ್ಗಿತ್ತಿ. ಬೇರೆಯವರ ಕುದುರೆ ಅಲ್ಲೇ ನುಗ್ಗಿ ಗೆದ್ದಿತ್ತು. ಇವಳು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಹಿಂದೊಮ್ಮೆ ತಾಲೀಮಿನಲ್ಲಿ ಬಿದ್ದದ್ದರ ನೆಪ ಹೇಳೋಣವೆಂದರೆ, ಕ್ಲಬ್ಬಿನ ಡಾಕ್ಟರು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ ಸರಿಯಿದ್ದಾಳೆಂದು ಬರೆದುಕೊಟ್ಟಿದ್ದರು.

ಅವಳನ್ನು ಒಳಗೆ ಕರೆಸಿದರು. ಬಾಗಿಲ ಪಕ್ಕ ಕೂತಿದ್ದ ಸಾಹೇಬರನ್ನು ದಾಟಿ ಹೋದಳು, ಒಂದು ನಮಸ್ಕಾರವಿಲ್ಲ. ಸೊಕ್ಕು ನೋಡು, ಎಂದುಕೊಂಡರು. ಅವಳ ದಾರಿಗೆ ಅಡ್ಡವಿದ್ದ ಸ್ಟೂಲನ್ನು ಯಜಮಾನ ಕಾಲಿನಿಂದ ಸರಿಸಿದ. ಕೈಕಾಲು ಸುಮ್ಮನಿರುತ್ತಿಲ್ಲ ಇವನಿಗೆ, ಹೆದರಿಕೊಂಡಿದ್ದಾನೆ.

ಚೀಟಿ ನೋಡಿ ಮಗಳ ಮುಖ ಬಿಳಿಚಿಕೊಂಡಿತು.

"ಅಪ್ಪಾ, ಕೆಂಚಿ ಸೋಲುತ್ತೆ ಅಂತ ನೀನು ದುಡ್ಡು ಕಟ್ಟಿದ್ಯಾ?"

"ಹೂಂ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಇಲ್ಲ."

"ಛೀ! ಓಡಿಸ್ಬೇಡ ಅಂತ ನೀನು ಅಂದಾಗ್ಲೇ ಬೇರೆ ಲಾಯಕ್ಕೆ ಹೋಗ್ಬೇಕಿತ್ತು ನಾನು. ಎಷ್ಟು ಜನ ಕರೀತಿದಾರೆ!"

ಅವಳ ಅಳು ನಟನೆಯಂತೆ ಕಾಣಲಿಲ್ಲ. ಹಾಗಾದರೆ ಮಗಳಿಗೇನೂ ಗೊತ್ತಿಲ್ಲವೇ? ಸಾಹೇಬರು ಗಂಟಲು ಸರಿಮಾಡಿಕೊಂಡು ನಿಯಮ ಓದಿದರು. "ತನ್ನ ಕುದುರೆ ಸೋಲುತ್ತದೆಂದು ಬಾಜಿ ಕಟ್ಟಿದವನ ಪರವಾನಗಿ ರದ್ದು. ಲಾಯಕ್ಕೆ ಬೀಗ."

"ಪೂರ್ತಿ ಓದಿ ಸರ್."

"ಇಷ್ಟು ಸಾಲದೇನ್ರೀ ನಿಮಗೆ?"

"ಜಾಕಿ ವಿಷಯಾನೂ ಇದೆಯಲ್ಲ, ಓದಿ."

"ಆ ಲಾಯದ ಜಾಕಿಗಳು ವಿಚಾರಣೆ ಮುಗಿಯುವ ತನಕ ಯಾವ ಲಾಯದ ಕುದುರೆಯನ್ನೂ ಏರುವಂತಿಲ್ಲ."

ಮಗಳು ಕುಸಿದು ಕೂತಳು. ಸಾಹೇಬರಿಗೂ ಹೆಣ್ಣುಮಕ್ಕಳಿದ್ದರು.

"ನೋಡಿ ಯಜಮಾನ್ರೇ, ನಿಮ್ಮ ಕಥೆ ಮುಗೀತು. ಮಗಳ ಅನ್ನಕ್ಕೆ ಯಾಕೆ ಕಲ್ಲು ಹಾಕ್ತೀರಿ? ತಪ್ಪು ನಿಮ್ಮೊಬ್ಬರದೇ ಅಂತ ಬರ್ಕೊಡಿ. ಮೇಲಿನವರ ಹತ್ರ ನಾನು ಮಾತಾಡ್ತೀನಿ. ನಾಳೆ ಅವಳು ಬೇರೆ ಯಾರದಾದ್ರೂ ಕುದುರೆ ಓಡಿಸ್ಲಿ."

"ಬೇಡ!" ಯಜಮಾನ ಧಡಕ್ಕನೆ ಎದ್ದು ನಿಂತ. "ನಿಯಮ ಅಂದ್ರೆ ನಿಯಮ. ಅವಳನ್ನ ಬಿಡ್ಲೇಬೇಡಿ."

ಸಾಹೇಬರು ಕಾಗದ ಎಳೆದುಕೊಂಡರು. ತಾನು ಮುಳುಗಿದ್ದಲ್ಲದೆ ಹೆತ್ತ ಮಗಳನ್ನೂ ಜಗ್ಗುತ್ತಾನಲ್ಲ! ಇಂಥ ಅಪ್ಪ ಶತ್ರುವಿಗೂ ಬೇಡ. ಸಿಟ್ಟಿನಲ್ಲೇ ಎರಡು ಹೆಸರನ್ನೂ ಬರೆದು ಕಾಗದವನ್ನು ಅವನ ಮುಂದೆ ತಳ್ಳಿದರು. ಯಜಮಾನ ಓದದೆಯೇ ಸಹಿ ಹಾಕಿದ.

"ಇನ್ಮೇಲೆ ನಿನ್ನ ಮುಖ ನೋಡಲ್ಲ," ಎಂದು ಮಗಳು ಬಾಗಿಲ ಕಡೆ ರಭಸದಿಂದ ನಡೆದಳು. ಯಜಮಾನ ಎರಡೇ ಹೆಜ್ಜೆಗೆ ಅವಳಿಗಿಂತ ಮುಂಚೆ ಅಲ್ಲಿದ್ದ. ಬಾಗಿಲ ಎಡಗಡೆಯ ಚೌಕಟ್ಟಿನ ಮೇಲೆ ತನ್ನ ಅಂಗೈ ಇಟ್ಟ. ಅವಳ ಹಣೆ ಆ ಅಂಗೈಗೆ ಬಡಿಯಿತು. ಕೈ ಕಂಡು ಅವಳೇ ಬೆಚ್ಚಿದಳು, ಅದನ್ನು ತಳ್ಳಿ ಹೊರಗೆ ಹೋದಳು.

ಪೆನ್ನಿಗೆ ಮುಚ್ಚಳ ಹಾಕುವುದನ್ನು ಸಾಹೇಬರು ಮರೆತರು.

"ಡಾಕ್ಟರಿಗೆ ಹೇಳ್ದೆ ಸರ್, ನಂಬ್ಲಿಲ್ಲ," ಎಂದ ಯಜಮಾನ ಕೈ ಉಜ್ಜಿಕೊಳ್ಳುತ್ತ. "ಪರೀಕ್ಷೆ ಬೋರ್ಡಿನ ಅಕ್ಷರಗಳನ್ನ ಬಾಯಿಪಾಠ ಮಾಡ್ಕೊಂಡು ಹೋಗಿ ಪಟಪಟ ಓದ್ಬಿಟ್ಲು. ಬಿದ್ದಾಗಿಂದ ಅವಳ ಎಡಗಣ್ಣು ಕಾಣಲ್ಲ."